ಅಂಬಿಗನ ಸಂಧಿಗೆ ತೊಂಬತ್ತಾರು ಮಣೆ

ನಮ್ಮೂರಿಗೆ ಬಾಯಿಪಾಠಕ್ಕೆಂದು ಇರುವುದು ಆರುನೂರ ನಲವತ್ತು ಮಣೆ. ಒಬ್ಬೊಬ್ಬರಿಗಲ್ಲ, ಇಡೀ ಊರಿಗೆ. ಒಂದು ಪದ್ಯ ಒಂದು ಮಣೆಯ ಮೇಲೆ ಕೂರುತ್ತದೆ, ಒಂದು ಮಗ್ಗಿ ಒಂದು ಮಣೆಯ ಮೇಲೆ. ಬೆಳಿಗ್ಗೆ ಆರಕ್ಕೆ ಪುರಸಭೆಯ ಗಂಟೆ ಬಾರಿಸಿದೊಡನೆ ಪಟ್ಟಿಯಲ್ಲಿ ಮೊದಲ ಹೆಸರಿನವರು ತಮ್ಮ ಬಾಗಿಲಲ್ಲಿ ನಿಂತು, ಪುಸ್ತಕ ನೋಡಿಕೊಂಡು ಗಟ್ಟಿಯಾಗಿ ಓದುತ್ತಾರೆ. ಅವರದು ಮುಗಿದ ಮೇಲೆ ಇನ್ನೊಂದು ಗಂಟೆ, ಎರಡನೆಯವರು. ಓದಿದ್ದು ಮಣೆಯ ಮೇಲೆ ಕೂತಿತೆಂದರೆ ಆ ದಿನವೆಲ್ಲ ಪುಸ್ತಕ ಬೇಡ, ಕೇಳಿದಾಗ ಬಾಯಿಗೆ ಬರುತ್ತದೆ. ರಾತ್ರಿ ದೀಪ ಆರಿಸುವ ಹೊತ್ತಿಗೆ ಎಲ್ಲವೂ ಎದ್ದು ಹೋಗುತ್ತವೆ. ಮಾರನೆಯ ದಿನ ಮತ್ತೆ ಮೊದಲಿಂದ. ಮುಖ, ದಾರಿ, ನಂಟು, ಜಗಳ ಇವಕ್ಕೆ ಮಣೆ ಬೇಡ. ಅವು ಹಾಗೇ ಉಳಿಯುತ್ತವೆ, ಅದರಲ್ಲೂ ಜಗಳ.

ಗಂಟೆ ಬಾರಿಸುವವನು ನಾನು. ಪುರಸಭೆಯ ಗುಮಾಸ್ತ. ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ಕಾವ್ಯವಾಚನ ಕೇಳುತ್ತ ಬೆಳೆದವನಾದ್ದರಿಂದ ಹಾಡಲು ಬಾರದಿದ್ದರೂ ಕೇಳಲು ಚೆನ್ನಾಗಿ ಬರುತ್ತದೆ. ಒಬ್ಬರು ಓದಿ ನಿಲ್ಲಿಸಿದ ಮೇಲೆ ನಾಲ್ಕು ಪದ್ಯದಷ್ಟು ಹೊತ್ತು ನಾನು ಸುಮ್ಮನಿರುತ್ತೇನೆ, ಆಮೇಲೆ ಮುಂದಿನವರಿಗೆ ಗಂಟೆ. ಊಟಕ್ಕೆ ಕೂರುವಾಗ ಪಕ್ಕದವರಿಗೆ ಮೊಣಕೈ ತಾಗದಷ್ಟು ಎಡೆ ಬಿಟ್ಟು ಕೂರುತ್ತೇವಲ್ಲ, ಹಾಗೆ. ಆ ನಾಲ್ಕು ಪದ್ಯದಷ್ಟು ಮೌನವೂ ನಾಲ್ಕು ಮಣೆ ಹಿಡಿಯುತ್ತದೆಂದು ಊರಿಗೆಲ್ಲ ಗೊತ್ತು. ಯಾರೂ ಆಕ್ಷೇಪಿಸಿರಲಿಲ್ಲ. ಮರ್ಯಾದೆಗೆ ಜಾಗ ಬೇಕೇ ಬೇಕಲ್ಲ.

ಪಟ್ಟಿಯಲ್ಲಿ ಮೊದಲ ಹೆಸರು ಅಧ್ಯಕ್ಷ ರುದ್ರಮುನಿಯಪ್ಪನವರದು. ಊರಿಗೆ ಗಣ್ಯರು ಬಂದರೆ ಮಾಡಬೇಕಾದ ಸ್ವಾಗತ ಭಾಷಣವನ್ನು ಅವರು ದಿನವೂ ಓದಿಟ್ಟುಕೊಳ್ಳುತ್ತಾರೆ, ನಲವತ್ತು ಮಣೆ. ಹದಿನೇಳು ವರ್ಷಗಳಲ್ಲಿ ಯಾವ ಗಣ್ಯರೂ ಬಂದಿಲ್ಲ. ಎರಡನೆಯ ಹೆಸರು ನಿವೃತ್ತ ಸ್ಟೇಷನ್ ಮಾಸ್ತರ್ ವೆಂಕೋಬರಾಯರದು. ಅವರದು ರೈಲುಗಳ ವೇಳೆ, ಅರವತ್ತು ಮಣೆ. ಕಂಬಿ ಕಿತ್ತೊಯ್ದು ಬಹಳ ಕಾಲವಾಯಿತು. ಮೂರನೆಯದು ದರ್ಜಿ ಖಲೀಲ್ ಸಾಬರದು, ಗಿರಾಕಿಗಳ ಅಳತೆ. ಹೀಗೆ ಮೂವತ್ತನಾಲ್ಕು ಜನರ ಓದು ಮುಗಿದು, ಕಟ್ಟಕಡೆಯ ಗಂಟೆ ಸಿಂಗಾರಮ್ಮನವರಿಗೆ. ಸಭೆಯಲ್ಲಿ ದೊಡ್ಡವರು ಕೊನೆಗೆ ಮಾತಾಡುವ ಹಾಗೆ ಕಡೆಯ ಗಂಟೆಯೇ ದೊಡ್ಡ ಮರ್ಯಾದೆಯೆಂದು ಹಿಂದಿನವರು ಮಾಡಿಟ್ಟದ್ದು.

ಸಿಂಗಾರಮ್ಮನವರು ನಮ್ಮೂರ ಓದುಮಂಟಪದಲ್ಲಿ ದಿನವೂ ನಾಲ್ಕು ಗಂಟೆಗೆ ಕಾವ್ಯ ಹೇಳುವವರು. ಎಪ್ಪತ್ತೊಂದು ವರ್ಷ. ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರಾದ್ದರಿಂದ ಊರಿನ ಅರ್ಧ ಜನಕ್ಕೆ ಈಗಲೂ ಟೀಚರಮ್ಮ. ನಮ್ಮೂರಿನದೇ ಹಳೆಯ ಕವಿಯೊಬ್ಬರ ಕಾವ್ಯ, ಭಾಮಿನಿ ಷಟ್ಪದಿ. ಹೇಳುವಾಗ ಅವರ ಮುಂದೆ ಪುಸ್ತಕ ಇರಕೂಡದು. ಕೇಳುವವರು ಮುಂದಿನ ಕಥೆಯನ್ನು ಇಣುಕಿ ನೋಡಕೂಡದು. ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಓದುವಾಗ ಅಕ್ಕಪಕ್ಕದ ಮನೆಯವರು ಕಿಟಕಿ ಮುಚ್ಚಿ, ಸಾಲದೆಂದು ಒಗ್ಗರಣೆಯನ್ನೂ ಜೋರಾಗಿ ಹಾಕುತ್ತಾರೆ. ಸಂಧಿಗಳೆಲ್ಲ ಸಾಮಾನ್ಯವಾಗಿ ಐವತ್ತು ಪದ್ಯದ ಆಸುಪಾಸಿನವು. ಹನ್ನೆರಡು ವರ್ಷಕ್ಕೊಮ್ಮೆ ಸರದಿ ಬರುವ ಅಂಬಿಗನ ಸಂಧಿ ಮಾತ್ರ ತೊಂಬತ್ತಾರು. ಹೋದ ಸಲ ಅದನ್ನು ಸಿಂಗಾರಮ್ಮನವರು ನೀರು ಕುಡಿದಷ್ಟು ಸುಲಭವಾಗಿ ಹೇಳಿದ್ದರು. ಆಗ ಪಟ್ಟಿಯಲ್ಲಿ ಇಷ್ಟು ಜನ ಇರಲಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ.

ಈ ಸಲ ಭಾನುವಾರ ಶುರುಮಾಡಿದರು. ತುಂಬಿದ ಹೊಳೆಯ ದಡಕ್ಕೆ ರಾಜ ಬಂದ. ಅವನಿಗಿಂತ ಮೊದಲೇ ಬಂದು ಮಡಕೆಗಳ ಹೊರೆ ಇಳಿಸಿಕೊಂಡು ಕೂತಿದ್ದ ಮುದುಕಿ ಕುಂಬಾರತಿಯನ್ನೂ ಅಂಬಿಗ ಅದೇ ದೋಣಿಗೆ ಹತ್ತಿಸಿದ. ಅರವತ್ತೊಂದನೆಯ ಪದ್ಯದಲ್ಲಿ ದೋಣಿ ಸುಳಿಗೆ ಸಿಕ್ಕು, ಅಂಬಿಗ ಕೋಲನ್ನು ಮೇಲೆತ್ತಿ ರಾಜನ ಮುಖ ನೋಡಿದ. ಅಷ್ಟೇ. ಸಿಂಗಾರಮ್ಮನವರು ಬಾಯಿ ತೆರೆದರು, ಮುಂದಿನ ಪದ್ಯ ಬರಲಿಲ್ಲ. ಸೋಮವಾರ ಮತ್ತೆ ಮೊದಲಿಂದ ಹೇಳಿದರು, ಮತ್ತೆ ಅಂಬಿಗ ಕೋಲೆತ್ತಿದ. ಮಂಗಳವಾರವೂ ಕೋಲೆತ್ತಿದ. ಊರು ಚಡಪಡಿಸತೊಡಗಿತು. ಖಲೀಲ್ ಸಾಬರು ನನ್ನನ್ನು ಅಡ್ಡಗಟ್ಟಿ, ಆ ಮುದುಕಿಯ ಮಡಕೆ ಒಡೆಯಿತೋ ಇಲ್ಲವೋ ಅದಷ್ಟನ್ನಾದರೂ ಹೇಳಿ ಎಂದು ಕೇಳಿದರು. ಹನ್ನೆರಡು ವರ್ಷದ ಹಿಂದೆ ಕೇಳಿದ್ದು ನನಗೆಲ್ಲಿ ನೆನಪಿರಬೇಕು? ದೋಣಿ ನಡುನೀರಲ್ಲಿರುವಾಗ ತನಗೆ ನಿದ್ದೆ ಹತ್ತುವುದಿಲ್ಲವೆಂದು ವೆಂಕೋಬರಾಯರು ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟರು.

ಮಂಗಳವಾರ ವಾಚನ ನಿಂತ ಮೇಲೆ ಅಧ್ಯಕ್ಷರು ಎದ್ದು, ಬಹಳ ವಿನಯದಿಂದ, ಟೀಚರಮ್ಮನವರ ಸೇವೆಯನ್ನು ಊರು ಎಂದೂ ಮರೆಯುವುದಿಲ್ಲವೆಂದರು. ವಯಸ್ಸಿನ ಮುಂದೆ ಯಾರ ಆಟವೂ ನಡೆಯುವುದಿಲ್ಲವೆಂದರು. ಶುಕ್ರವಾರದೊಳಗೆ ದೋಣಿ ದಡ ಮುಟ್ಟದಿದ್ದರೆ ಶನಿವಾರದಿಂದ ಪೀಠದ ಮೇಲೆ ಟೇಪ್ ರೆಕಾರ್ಡರ್ ಇಡುವುದೆಂದೂ, ಬೇರೆ ಊರಿನ ವಾಚಕರ ಕ್ಯಾಸೆಟ್ಟು ತರಿಸುವುದೆಂದೂ ತೀರ್ಮಾನ ಹೇಳಿದರು. ಕ್ಯಾಸೆಟ್ಟಿಗೆ ಮಣೆ ಬೇಕಾಗುವುದಿಲ್ಲ ಎನ್ನುವುದನ್ನು ಒತ್ತಿ ಹೇಳಿದರು. ಸಿಂಗಾರಮ್ಮನವರು ಸೆರಗು ಸರಿಮಾಡಿಕೊಂಡು ಕೆಳಗಿಳಿದರು. ಜಮಖಾನೆ ಸುತ್ತುತ್ತಿದ್ದ ನನ್ನ ಹತ್ತಿರ ಬಂದು ನಿಂತು ಮೆಲ್ಲಗೆ ಹೇಳಿದರು.

"ತಪ್ಪು ನನ್ನ ತಲೇದಾ, ಜಾಗದ್ದಾ, ಅದೊಂದು ಗೊತ್ತಾಗ್ಲಿ ಕಣಪ್ಪ. ನನ್ನ ತಲೇದೇ ಆದ್ರೆ ನಾನೇ ಇಳ್ಕೋತೀನಿ, ಅವರು ಇಳಿಸೋದು ಬೇಡ. ಗೊತ್ತಿಲ್ದೆ ಇಳಿಯೋದು ಹೇಗೆ?"

ಉತ್ತರ ಬುಧವಾರದ ಬಸ್ಸಿನಲ್ಲಿ ಬಂತು, ಅದೂ ಬೇರೆ ಕೆಲಸಕ್ಕೆ.

ನಮ್ಮ ಕಚೇರಿಯಲ್ಲಿ ಜನನ ಪತ್ರ ಅಚ್ಚು ಮಾಡುವ ಹಳೆಯ ಕಂಪ್ಯೂಟರೊಂದಿದೆ. ಕಪ್ಪು ಪರದೆ, ಬಿಳಿ ಅಕ್ಷರ, ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಒತ್ತಿ ಕೊಡಬೇಕು. ಹೋದ ವಾರದಿಂದ ಪತ್ರ ಅಚ್ಚು ಮಾಡೆಂದರೆ ಮೆಮೊರಿ ಸಾಲದು ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ಅದನ್ನು ರಿಪೇರಿ ಮಾಡಲು ಬಂದವರು ಸೆವ್ರಿನ್ ಬಾಯಿ. ಕರಾವಳಿಯವರು, ಐವತ್ತು ದಾಟಿದವರು, ಕೈಯಲ್ಲೊಂದು ಫ್ಲಾಪಿಗಳ ಡಬ್ಬಿ, ಕುತ್ತಿಗೆಯಲ್ಲಿ ಜಪಸರ. ಅವರು ಯಂತ್ರವನ್ನು ಬಿಚ್ಚಲೇ ಇಲ್ಲ. ಒಂದು ಪದ ಒತ್ತಿದರು, ಪರದೆಯ ಮೇಲೆ ಪಟ್ಟಿ ಬಂತು, ಯಾವ ಪ್ರೋಗ್ರಾಂ ಎಷ್ಟು ಜಾಗ ಹಿಡಿದು ಕೂತಿದೆಯೆಂದು. ಯಂತ್ರದಲ್ಲಿಯೂ ಆರುನೂರ ನಲವತ್ತೇ ಎಂದು ಅವರು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಎಲ್ಲ ಕಡೆಯೂ ಅಷ್ಟೇ ಇರುತ್ತದೆಂದು ನಾನು ತಿಳಿದಿದ್ದೆ. ಖಾಲಿ ಜಾಗ ಬೇಕಾದಷ್ಟಿದೆಯಲ್ಲ, ಮತ್ತೆ ಸಾಲದು ಅಂತ ಯಾಕೆ ಹೇಳುತ್ತದೆ ಎಂದು ಕೇಳಿದೆ.

"ಒಟ್ಟು ಎಷ್ಟು ಖಾಲಿ ಉಂಟು ಅಂತ ನೋಡ್ಬಾರ್ದು ಗುಮಾಸ್ತರೆ," ಎಂದರು ಸೆವ್ರಿನ್ ಬಾಯಿ, ಪರದೆಯಿಂದ ಕಣ್ಣು ತೆಗೆಯದೆ. "ಒಂದೇ ಕಡೆ ಎಷ್ಟು ಖಾಲಿ ಉಂಟು ಅಂತ ನೋಡ್ಬೇಕು. ಮದುವೆ ದಿಬ್ಬಣದವರು ಐವತ್ತು ಜನ ಬಸ್ಸಿಗೆ ಬಂದ್ರು. ಐವತ್ತು ಸೀಟು ಖಾಲಿ ಉಂಟು, ಆದ್ರೆ ಹತ್ತು ಬಸ್ಸಲ್ಲಿ ಐದೈದು. ಅವರು ಒಟ್ಟಿಗೇ ಹೋಗ್ಬೇಕು ಅಂತಾರೆ. ಎಂತ ಮಾಡ್ತೀರಿ?"

ಮೌಸ್ ನಡೆಸುವ ಪ್ರೋಗ್ರಾಂ ಒಂದು ಜಾಗ ಹಿಡಿದು ಕೂತಿತ್ತು. ನಮ್ಮ ಮೇಜಿನ ಮೇಲೆ ಮೌಸೇ ಇಲ್ಲ, ಎಂದೂ ಇರಲಿಲ್ಲ. ಇನ್ನೊಂದು, ನನಗಿಂತ ಹಿಂದೆ ಇದ್ದ ಗುಮಾಸ್ತರು ತಮ್ಮ ರಕ್ತದೊತ್ತಡದ ಮಾತ್ರೆ ನೆನಪಿಗೆಂದು ಹಾಕಿಟ್ಟಿದ್ದು, ಹನ್ನೊಂದು ಗಂಟೆಗೆ ಪೀಂ ಎನ್ನುತ್ತದೆ. ಅವರು ನಿವೃತ್ತರಾದರೂ ಅದು ಏಳಲಿಲ್ಲ. ನಾವು ಅದನ್ನು ಕೇಳಿ ಕಾಫಿಗೆ ಏಳುತ್ತಿದ್ದೆವು. ಬಂದ ಕೆಲಸ ಮುಗಿದರೂ ಏಳದೆ ಕೂರುವ ಪ್ರೋಗ್ರಾಮುಗಳು ಕೆಲವಿರುತ್ತವೆ ಎಂದರು ಸೆವ್ರಿನ್ ಬಾಯಿ. ಮೌಸನ್ನು ಕಿತ್ತುಹಾಕಿದರು. ಪೀಂ ಎನ್ನುವುದನ್ನು ಕೀಳಬೇಡಿರೆಂದು ಕಚೇರಿಯವರೆಲ್ಲ ಬೇಡಿಕೊಂಡದ್ದಕ್ಕೆ ಅದನ್ನು ಮೇಲಿನ ಜಾಗಕ್ಕೆ ಹಾಕಿದರು. ಆರುನೂರ ನಲವತ್ತರ ಮೇಲೆ ಯಂತ್ರ ತನ್ನ ಸ್ವಂತಕ್ಕೆಂದು ಇಟ್ಟುಕೊಂಡ ಅಟ್ಟವೊಂದಿದೆಯಂತೆ, ಅದರಲ್ಲಿಯೂ ಮೂಲೆಗಳು ಖಾಲಿ ಬಿದ್ದಿರುತ್ತವಂತೆ. ಎಲ್ಲಕ್ಕಿಂತ ದೊಡ್ಡದಾದ ಕನ್ನಡ ಅಕ್ಷರದ ಪ್ರೋಗ್ರಾಂ ಕಡೆಯಲ್ಲಿತ್ತು, ಅದನ್ನು ಯಂತ್ರ ಬೆಳಿಗ್ಗೆ ಹಚ್ಚಿದಾಗ ಓದಿಕೊಳ್ಳುವ ಪಟ್ಟಿಯ ಮೊದಲಿಗೆ ತಂದರು. ದೊಡ್ಡವರನ್ನು ಮೊದಲು ಕೂರಿಸಬೇಕು, ಚಿಕ್ಕವರು ಉಳಿದ ಸಂದಿನಲ್ಲಿ ಹೇಗೋ ಕೂರುತ್ತಾರೆ ಎಂದರು. ಯಂತ್ರವನ್ನು ಆರಿಸಿ ಹಚ್ಚಿದರು. ಜನನ ಪತ್ರ ಕರಕರ ಸದ್ದು ಮಾಡುತ್ತ ಹೊರಬಂತು.

ನಾನು ಊರಿನ ಓದಿನ ಪಟ್ಟಿಯನ್ನು ಜೇಬಿನಿಂದ ತೆಗೆದೆ. ಮಾತು ಕಡಿಮೆ ಆಡುವವನು ನಾನು, ಆ ದಿನ ಮಾತ್ರ ಅರ್ಧ ಗಂಟೆ ಆಡಿದೆ.

ಸೆವ್ರಿನ್ ಬಾಯಿ ಐದರ ಬಸ್ಸು ಬಿಟ್ಟರು. ಓದುಮಂಟಪದ ನೆಲದ ಮೇಲೆ, ಅಂಚಿನಲ್ಲಿ ತೂತುಗಳಿರುವ ಕಂಪ್ಯೂಟರ್ ಹಾಳೆಯನ್ನು ಉದ್ದಕ್ಕೆ ಹಾಸಿ, ಸಿಂಗಾರಮ್ಮನವರನ್ನು ಎದುರಿಗೆ ಕೂರಿಸಿಕೊಂಡು, ಮಣೆಗೊಂದು ಗೀಟು ಎಳೆಯುತ್ತ ಹೋದರು. ಮೂವತ್ತನಾಲ್ಕು ಜನ ಹಿಡಿದದ್ದು ನಾನೂರ ನಲವತ್ತಮೂರು. ಒಬ್ಬೊಬ್ಬರ ಹಿಂದೆ ನಾನು ಬಿಟ್ಟ ಮೌನ ನಾಲ್ಕು ನಾಲ್ಕರಂತೆ ನೂರ ಮೂವತ್ತಾರು. ಕಡೆಗೆ ಸಿಂಗಾರಮ್ಮನವರಿಗೆ ಉಳಿದದ್ದು ಅರವತ್ತೊಂದು. ಊರಿನಲ್ಲಿ ನೂರ ತೊಂಬತ್ತೇಳು ಮಣೆ ಖಾಲಿ ಇದ್ದವು, ಒಂದೇ ಸಾಲಿನಲ್ಲಿ ಅರವತ್ತೊಂದಕ್ಕಿಂತ ಹೆಚ್ಚು ಎಲ್ಲಿಯೂ ಇರಲಿಲ್ಲ. ಸಿಂಗಾರಮ್ಮನವರು ಆ ಅರವತ್ತೊಂದನೆಯ ಗೀಟಿನ ಮೇಲೆ ಬೆರಳಿಟ್ಟರು. ಹಾಗಾದರೆ ತಪ್ಪು ತನ್ನದಲ್ಲವೇ ಎಂದು ಕೇಳಿದರು. ಕಾಗದ ಹಾಗೆ ಹೇಳುತ್ತದೆ, ಆದರೆ ತೊಂಬತ್ತಾರೂ ಬಾಯಿಂದ ಬಂದ ಮೇಲೆಯೇ ನಂಬಬೇಕು ಎಂದರು ಸೆವ್ರಿನ್ ಬಾಯಿ. ಆಗಿದ್ದಾಗಲಿ, ನಾಳೆ ಬೆಳಿಗ್ಗೆ ಮೌನ ಬಿಡದೆ ಒಬ್ಬರ ಹಿಂದೊಬ್ಬರಿಗೆ ಗಂಟೆ ಬಾರಿಸಿ ನೋಡಿ ಎಂದು ನನಗೆ ಹೇಳಿದರು. ಆ ದಿನ ಸಿಂಗಾರಮ್ಮನವರ ಮನೆಯಲ್ಲಿಯೇ ಉಳಿದರು. ಒಬ್ಬರು ಜಪಸರ, ಇನ್ನೊಬ್ಬರು ತುಳಸಿಮಣಿ ಹಿಡಿದು ಜಗಲಿಯಲ್ಲಿ ಕೂತದ್ದನ್ನು ನೋಡಿ ನಾನು ಮನೆಗೆ ಹೋದೆ.

ಗುರುವಾರ ಮೌನವಿಲ್ಲದೆ ಗಂಟೆ ಬಾರಿಸಿದೆ. ಊಟದ ನಡುವೆ ಇನ್ನೊಬ್ಬರ ಎಲೆಯ ಮೇಲೆ ಕಾಲಿಟ್ಟ ಹಾಗಾಯಿತು. ಹತ್ತು ಗಂಟೆಯ ಹೊತ್ತಿಗೆ ಅದರ ಫಲ ಬಜಾರಿನಲ್ಲಿ ಗೊತ್ತಾಯಿತು. ಮೈಗೆ ಮೈ ತಾಗಿ ಕೂತವು ಒಂದರೊಳಗೊಂದು ಕಾಲು ಚಾಚಿದ್ದವು, ಸಾಲಿನ ಈ ತುದಿಯದು ಆ ತುದಿಯವರೆಗೂ ಜಾರಿತ್ತು. ಖಲೀಲ್ ಸಾಬರು ಗಿರಾಕಿಯೊಬ್ಬರಿಗೆ ನಿಮ್ಮ ಸೊಂಟ ಹನ್ನೊಂದು ಮೂವತ್ತೈದಕ್ಕೆ ಹೊರಡುತ್ತದೆ ಎಂದರು. ವೆಂಕೋಬರಾಯರು, ಬೆಳಗಿನ ಪ್ಯಾಸೆಂಜರ್ ಗಾಡಿ ಭುಜದ ಹತ್ತಿರ ಅರ್ಧ ಇಂಚು ಬಿಗಿಯಾಗಿದೆಯೆಂದು ಮನೆಯವರಿಗೆ ತಿಳಿಸಿದರು. ಅಂಗನವಾಡಿಯ ಮಕ್ಕಳು ಹತ್ತರ ಮಗ್ಗಿಯ ನಡುವೆ ಮಾನ್ಯ ಅತಿಥಿಗಳೇ ಎಂದು ಕೂಗಿದರು. ನಾಲ್ಕು ಗಂಟೆಗೆ ಮಂಟಪ ತುಂಬಿ ಹೊರಗೂ ಜನ ನಿಂತಿದ್ದರು. ಸಿಂಗಾರಮ್ಮನವರು ರಾಗ ತೆಗೆದು ಐದನೆಯ ಪದ್ಯಕ್ಕೆ ಬಂದರು, ಅಂಬಿಗನ ವರ್ಣನೆ. ಅವನ ಎದೆಯಗಲ ಮೂವತ್ತೆಂಟೂವರೆ ಎಂದು ಬಂತು. ಮಾತ್ರೆ ಎಲ್ಲಿಯೂ ತಪ್ಪಿರಲಿಲ್ಲ, ಷಟ್ಪದಿಗೆ ಸರಿಯಾಗಿ ಕೂತಿತ್ತು. ಖಲೀಲ್ ಸಾಬರು ಹಿಂದಿನಿಂದ, ಅದು ನಮ್ಮ ಅಧ್ಯಕ್ಷರ ಅಳತೆ ಎಂದು ಗುರುತು ಹೇಳಿದರು. ಸಿಂಗಾರಮ್ಮನವರು ಕೈ ಮುಗಿದು ಅಲ್ಲಿಗೇ ನಿಲ್ಲಿಸಿದರು.

ತಾನು ಬಿಗಿಮಾಡಿದ್ದು ಅತಿಯಾಯಿತೆಂದು ಸೆವ್ರಿನ್ ಬಾಯಿ ಎಲ್ಲರೆದುರು ಒಪ್ಪಿಕೊಂಡರು. ನಿಮ್ಮ ಮರ್ಯಾದೆಯ ಎಡೆ ನಿಮಗೆ ಬೇಕು, ಅದನ್ನು ಮುಟ್ಟುವುದಿಲ್ಲ, ಹಾಗಾದರೆ ಉಳಿದದ್ದು ಸರದಿ ಬದಲಿಸುವುದೊಂದೇ, ತೊಂಬತ್ತಾರು ಇರುವವರು ಮೊದಲು ಕೂರಬೇಕು ಎಂದರು. ಮಂಟಪ ಒಮ್ಮೆಲೇ ಮಾತಾಡತೊಡಗಿತು. ಮೊದಲ ಗಂಟೆ ತಮ್ಮ ತಂದೆಯವರ ಕಾಲದಿಂದ ಅಧ್ಯಕ್ಷರದೆಂದು ರುದ್ರಮುನಿಯಪ್ಪನವರು ನೆನಪಿಸಿದರು. ತಾವು ಹಿಂದೆ ಸರಿದರೆ ನಾಳೆ ಗಣ್ಯರು ಬಂದು ಇಳಿದಾಗ ಬಾಯಿ ಬಿಡದೆ ನಿಲ್ಲಬೇಕೇನು ಎಂದರು. ಅದೂ ಅಲ್ಲದೆ, ಸಿಂಗಾರಮ್ಮನವರನ್ನು ಮೊದಲಿಗೆ ತಂದರೂ ಕಡೆಯಲ್ಲಿ ಕೆಲವರಿಗೆ ಜಾಗ ಸಾಲದು. ಯಾರಾದರೂ ಒಬ್ಬರು ಏಳಬೇಕು. ಆಗ ಎಲ್ಲರ ಕಣ್ಣೂ ಬೇಡ ಬೇಡವೆಂದರೂ ವೆಂಕೋಬರಾಯರ ಕಡೆ ಹೊರಳಿದವು. ಇಲ್ಲದ ರೈಲಿಗೆ ಅರವತ್ತು ಮಣೆ. ರಾಯರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ನನ್ನದನ್ನು ತೆಗೆಯಿರಿ, ಪರವಾಗಿಲ್ಲ ಎಂದರು. ಪರವಾಗಿಲ್ಲ ಎನ್ನುವಾಗ ಅವರ ದನಿ ಪ್ಲಾಟ್‌ಫಾರಮ್ಮಿನ ಕೊನೆಯಿಂದ ಬಂದ ಹಾಗಿತ್ತು.

"ಬೇಡ ರಾಯರೇ, ಕೂತ್ಕೊಳಿ," ಎಂದರು ಸಿಂಗಾರಮ್ಮನವರು. "ನನ್ನ ದೋಣಿ ದಡ ಸೇರ್ಲಿ ಅಂತ ನಿಮ್ಮ ರೈಲು ನಿಲ್ಸಲ್ಲ ನಾನು. ಹಾಗೆ ಜಾಗ ಮಾಡ್ಕೊಂಡು ಹೇಳಿದ್ರೆ ಕೇಳೋರಿಗೆ ಏನು ಪುಣ್ಯ?"

ಮತ್ತೆ ಗದ್ದಲವಾಯಿತು. ಅಟ್ಟ ಯಾರದು ಎಂದು ಸೆವ್ರಿನ್ ಬಾಯಿ ಕೇಳಿದ್ದು ಆ ಗದ್ದಲದಲ್ಲಿ ಮೊದಲು ಕೇಳಿಸಲಿಲ್ಲ. ಎರಡನೆಯ ಸಲ ಕೇಳಿದಾಗ ಸದ್ದು ಅಡಗಿತು. ಆರುನೂರ ನಲವತ್ತರ ಮೇಲೆ ನಮ್ಮಲ್ಲಿಯೂ ಅಟ್ಟವಿದೆ. ಗುಡಿಯ ಮೆಟ್ಟಿಲ ಮೇಲೆ ನಿಂತು ಓದಿದ್ದು ಅಲ್ಲಿಗೆ ಹೋಗುತ್ತದೆ. ಅದು ದೇವರದು, ಅರ್ಚಕ ಶೇಷಾಚಾರ್ಯರ ಹೊರತು ಯಾರೂ ಅಲ್ಲಿ ಓದುವಂತಿಲ್ಲ. ಅದು ತುಂಬಿಹೋಗಿದೆಯೆಂದೇ ನಾವು ತಿಳಿದದ್ದು. ದೇವರಿಗೆ ಎಷ್ಟು ಮಣೆ ಬೇಕು ಎಂದು ಒಬ್ಬ ಹೆಂಗಸು ಲೆಕ್ಕ ಕೇಳಿದ್ದು ನನಗೆ ಇರಿಸುಮುರಿಸಾಯಿತು. ಕೇಳುವ ಮೊದಲು ಆಕೆ ಶಿಲುಬೆಯ ಗುರುತು ಮಾಡಿಕೊಂಡದ್ದನ್ನೂ ನೋಡಿದೆ. ಶೇಷಾಚಾರ್ಯರು ಎದ್ದು ನಿಂತರು.

"ದೇವರಿಗೆ ಇಷ್ಟೇ ಅಂತ ಹೇಳೋಕೆ ಬರೋದಿಲ್ಲಮ್ಮ," ಎಂದರು. ಆಮೇಲೆ ದನಿ ತಗ್ಗಿಸಿದರು. "ಆದ್ರೆ ನಾನು ದಿನಾ ಅಲ್ಲಿ ಓದುವಾಗ ಪ್ರತಿಧ್ವನಿ ಬರ್ತದೆ. ಸಾಮಾನು ತುಂಬಿದ ಮನೇಲಿ ಪ್ರತಿಧ್ವನಿ ಬರೋದಿಲ್ಲ. ನಲವತ್ತು ವರ್ಷದಿಂದ ಯಾರ ಹತ್ರಾನೂ ಹೇಳಿಲ್ಲ."

ನನಗೆ ಮೊದಲು ದುಃಖವೇ ಆಯಿತು. ಆಮೇಲೆ, ಇಷ್ಟು ವರ್ಷ ದೇವರು ಒಬ್ಬನೇ ಅಷ್ಟು ದೊಡ್ಡ ಅಟ್ಟದಲ್ಲಿ ಇದ್ದನಲ್ಲ ಎನ್ನಿಸಿತು. ಸೆವ್ರಿನ್ ಬಾಯಿ ಕಾಗದದ ಮೇಲೆ ಬಗ್ಗಿ ಲೆಕ್ಕ ಹಾಕಿ, ಒಬ್ಬರು ಮೇಲೆ ಹೋದರೆ ಸಾಕು, ಅಧ್ಯಕ್ಷರ ನಲವತ್ತು ಮತ್ತು ಅವರ ಹಿಂದಿನ ನಾಲ್ಕು, ಅಷ್ಟಾದರೆ ಉಳಿದವರೆಲ್ಲ ಕೆಳಗೇ ಕೂರುತ್ತಾರೆ, ಐದು ಮಣೆ ಮಿಗುತ್ತದೆ ಎಂದರು. ರುದ್ರಮುನಿಯಪ್ಪನವರು ಗಲ್ಲ ಕೆರೆದುಕೊಂಡರು. ಅಲ್ಲಿ ತಮ್ಮ ಜಾಗ ದೇವರ ಪಕ್ಕದಲ್ಲೋ ಎದುರಿಗೋ ಎಂದು ಕೇಳಿದರು. ಪಕ್ಕದಲ್ಲೇ ಎಂದರು ಸೆವ್ರಿನ್ ಬಾಯಿ. ಕೆಳಗಿನ ಮೊದಲ ಮಣೆಗಿಂತ ಅದು ಮೇಲೋ ಕೆಳಗೋ ಎಂದು ಕೇಳಿದರು. ಅಟ್ಟವೆಂದ ಮೇಲೆ ಮೇಲೆಯೇ ಅಲ್ಲವೇ ಎಂದು ಖಲೀಲ್ ಸಾಬರು ಹೇಳಿದರು. ಆಗ ಅಧ್ಯಕ್ಷರು, ದೇವರೇ ಕರೆದ ಮೇಲೆ ಇಲ್ಲವೆನ್ನಲು ತಾವು ಯಾರು ಎಂದು ಒಪ್ಪಿದರು. ಒಪ್ಪಿದವರು, ಆದರೂ ಶುಕ್ರವಾರವೆಂದರೆ ಶುಕ್ರವಾರವೇ, ಟೇಪ್ ರೆಕಾರ್ಡರಿಗೆ ಹೇಳಿಕಳಿಸಿಯಾಗಿದೆ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಶುಕ್ರವಾರ ಮೊದಲ ಗಂಟೆಯನ್ನು ಸಿಂಗಾರಮ್ಮನವರಿಗೆ ಬಾರಿಸಿದೆ. ಅವರ ಬೀದಿಯಲ್ಲಿ ಕಿಟಕಿಗಳು ಪಟಪಟ ಮುಚ್ಚಿದವು, ಸಾಸಿವೆ ಸಿಡಿದವು. ತೊಂಬತ್ತಾರು ಓದಿದರು. ನಾಲ್ಕು ಪದ್ಯದಷ್ಟು ಮೌನ ಬಿಟ್ಟೆ, ಅಷ್ಟು ನೆಮ್ಮದಿಯ ಮೌನವನ್ನು ನಾನು ಎಂದೂ ಬಿಟ್ಟಿರಲಿಲ್ಲ. ಆಮೇಲೆ ರೈಲುಗಳು, ಅಳತೆಗಳು, ಮಗ್ಗಿಗಳು, ಎಲ್ಲ ತಮ್ಮ ತಮ್ಮ ಎಡೆಯಲ್ಲಿ. ಎಲ್ಲ ಮುಗಿದ ಮೇಲೆ ಗುಡಿಯ ಮೆಟ್ಟಿಲಿಗೆ ರುದ್ರಮುನಿಯಪ್ಪನವರು ರೇಷ್ಮೆ ಅಂಚಿನ ಪಂಚೆ ಉಟ್ಟು ಬಂದರು. ಗರ್ಭಗುಡಿಯ ಕಡೆ ಮುಖಮಾಡಿ, ಮಾನ್ಯ ಅತಿಥಿಗಳೇ, ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ನಮ್ಮ ಪುಟ್ಟ ಊರಿಗೆ ದಯಮಾಡಿಸಿದ್ದಕ್ಕೆ ಎಂದು ಓದತೊಡಗಿದರು. ದೇವರಿಗೆ ಇಷ್ಟು ವರ್ಷ ಬೇಡಿಕೆ ಸಲ್ಲಿಸಿದವರೇ ಎಲ್ಲ, ಬಂದದ್ದಕ್ಕೆ ಸಂತೋಷವೆಂದು ಹೇಳಿದವರು ಇವರೇ ಮೊದಲು ಎಂದು ಶೇಷಾಚಾರ್ಯರು ಆಮೇಲೆ ನನಗೆ ಹೇಳಿದರು.

ನಾಲ್ಕು ಗಂಟೆಗೆ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೀಠದ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಬಂದು ಕೂತಿತ್ತು, ಮೇಲೊಂದು ಟವೆಲು ಹೊದಿಸಿದ್ದರು. ಸೆವ್ರಿನ್ ಬಾಯಿ ಕಂಬಕ್ಕೆ ಒರಗಿ, ಕಾಗದದ ಸು‍ರುಳಿ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಬೆರಳಗೆಣ್ಣುಗಳ ಮೇಲೆ ಪದ್ಯ ಎಣಿಸುತ್ತಿದ್ದೆ. ಸಿಂಗಾರಮ್ಮನವರು ಕಣ್ಣು ಮುಚ್ಚಿ ಶುರುಮಾಡಿದರು. ರಾಜ ಬಂದ, ಕುಂಬಾರತಿ ಹತ್ತಿದಳು, ಹೊಳೆ ಏರಿತು. ಅರವತ್ತು. ಅರವತ್ತೊಂದು, ಅಂಬಿಗ ಕೋಲೆತ್ತಿ ರಾಜನ ಮುಖ ನೋಡಿದ. ಸಿಂಗಾರಮ್ಮನವರು ಉಸಿರು ತೆಗೆದುಕೊಂಡರು. ಊರೂ ತೆಗೆದುಕೊಂಡಿತು.

ಅಂಬಿಗ ಕೋಲನ್ನು ರಾಜನ ಕೈಗೆ ಕೊಟ್ಟ. ನನ್ನ ತೋಳು ಸೋತಿತು, ನಿನ್ನದು ಇನ್ನೂ ಯಾವ ಕೆಲಸವನ್ನೂ ಮಾಡಿಲ್ಲ, ನೂಕು ಎಂದ. ಅರವತ್ತೆರಡು. ಮಂಟಪದಲ್ಲಿ ಯಾರೋ ಬಿಕ್ಕಿದರು, ಯಾರೋ ನಕ್ಕರು. ರಾಜ ಪಂಚೆ ಎತ್ತಿ ಕಟ್ಟಿಕೊಂಡು ಕೋಲು ಊರಿದ್ದನ್ನು ಸಿಂಗಾರಮ್ಮನವರು ರಾಗ ಬದಲಿಸಿ ಹೇಳಿದರು. ದೋಣಿ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿತು. ಕುಂಬಾರತಿ ರಾಜನಿಗೆ ಬುದ್ಧಿ ಹೇಳಿದಳು. ಎಂಬತ್ತು ದಾಟಿತು, ತೊಂಬತ್ತು ದಾಟಿತು, ಮರಳು ಕಾಣಿಸಿತು, ದೋಣಿಯ ಮೂತಿ ದಡಕ್ಕೆ ತಾಗಿತು. ಮಂಗಳದ ಪದ್ಯ ಹೇಳಿ ಅವರು ಕಣ್ಣು ತೆರೆದಾಗ ವೆಂಕೋಬರಾಯರು ಹಸಿರು ಬಾವುಟ ತೋರಿಸುವವರಂತೆ ತಮ್ಮ ಶಲ್ಯವನ್ನು ಮೇಲೆತ್ತಿದರು. ಜನ ಏಳತೊಡಗಿದರು.

ನನ್ನ ಬೆರಳ ಲೆಕ್ಕ ತೊಂಬತ್ತೈದಕ್ಕೆ ನಿಂತಿತ್ತು. ಮೂರು ಸಲ ನೋಡಿಕೊಂಡೆ. ಬಾಯಿ ಬಿಡುವ ಮನಸ್ಸಿರಲಿಲ್ಲ. ಆದರೆ ಖಲೀಲ್ ಸಾಬರು ಎದ್ದವರು ಅರ್ಧಕ್ಕೆ ನಿಂತು, ಮುದುಕಿ ಇಳಿದಳು ಸರಿ, ಅವಳ ಮಡಕೆ ಎಲ್ಲಿ ಎಂದು ಕೇಳಿದರು. ಅಧ್ಯಕ್ಷರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು. ಒಂದು ಕಡಿಮೆಯೆಂದು ಒಪ್ಪಿಕೊಂಡೆ. ಪಟ್ಟಿಯಲ್ಲಿ ಮತ್ತೆ ದೋಷ, ನೋಡಿ ನೋಡಿ ಎಂದು ಎಲ್ಲರೂ ಸೆವ್ರಿನ್ ಬಾಯಿಯ ಸುತ್ತ ಮುಗಿಬಿದ್ದರು. ಅವರು ಕಾಗದ ಬಿಚ್ಚಿ, ಗೀಟಿನ ಮೇಲೆ ಬೆರಳಾಡಿಸಿ, ವೆಂಕೋಬರಾಯರಿಗೆ ಒಂದು ರೈಲು, ಖಲೀಲ್ ಸಾಬರಿಗೆ ಒಂದು ಅಳತೆ ಕೇಳಿ ನೋಡಿದರು. ಎಲ್ಲ ಸರಿಯಿತ್ತು. ಕಾಗದ ಮಡಿಸಿ, ತೊಂಬತ್ತಾರೂ ಕೂತಿವೆ, ಜಾಗದಲ್ಲಿ ದೋಷವಿಲ್ಲ ಎಂದರು. ಹೇಳುವಾಗ ಸಿಂಗಾರಮ್ಮನವರ ಕಡೆ ನೋಡಲಿಲ್ಲ.

ಜಾಗದ ದೋಷವಲ್ಲವಾದರೆ ಇನ್ನು ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಧ್ಯಕ್ಷರ ಕೈ ಟೇಪ್ ರೆಕಾರ್ಡರಿನ ಟವೆಲಿನ ಮೇಲಿತ್ತು, ಆದರೆ ಎಳೆಯಲಿಲ್ಲ. ಅವರಿಗೂ ಈಗ ಮನಸ್ಸಿರಲಿಲ್ಲವೆಂದು ಕಾಣುತ್ತದೆ. ಸಿಂಗಾರಮ್ಮನವರು ಪೀಠದ ಮೇಲೆ ಕಣ್ಣು ಮುಚ್ಚಿ ಕೂತೇ ಇದ್ದರು. ತುಟಿ ಮೆಲ್ಲಗೆ ಆಡುತ್ತಿತ್ತು, ಹೊಲಿಗೆ ತಪ್ಪಿದ ಕಡೆ ಹುಡುಕಿಕೊಂಡು ಹಿಂದಕ್ಕೆ ಹೋಗುವವರ ಹಾಗೆ. ಎಲ್ಲಿಯೋ ಒಂದು ಕಡೆ ತುಟಿ ನಿಂತಿತು. ಅವರು ನಗತೊಡಗಿದರು. ಮೊದಲು ಭುಜ ಕುಲುಕಿತು, ಆಮೇಲೆ ದನಿಯೂ ಬಂತು. ಮಂಗಳವಾರದಿಂದ ಆ ಮುಖದಲ್ಲಿ ನಗು ಕಂಡಿರಲಿಲ್ಲ.

"ಎಪ್ಪತ್ತೆಂಟು," ಎಂದರು. "ಅಲ್ಲೇ ಕೂತಿದೆ. ರಾಜ ನೂಕೋದನ್ನ ನೋಡ್ತಾ ನೋಡ್ತಾ ನಾನೇ ಅದನ್ನ ದಾಟ್ಕೊಂಡು ಹೋಗ್ಬಿಟ್ಟೆ."

ಹಾಗಾದರೆ ಟೀಚರಮ್ಮ ಅಂದು ಆಡಿದ ಮಾತಿನಂತೆ ಇಳಿಯುವುದೋ ಏನು ಎಂದು ಅಧ್ಯಕ್ಷರು ಬಹಳ ಸಂಕೋಚದಿಂದ ಕೇಳಿದರು.

"ಅರವತ್ತೊಂದರಲ್ಲಿ ನಿಂತಿದ್ದು ನನ್ನದಲ್ಲ ರುದ್ರಮುನಿಯಪ್ಪೋರೆ, ಅದು ಗೊತ್ತಾಯ್ತು. ಇದು ಮಾತ್ರ ನನ್ನದೇ. ಇದನ್ನ ಪಟ್ಟಿಗೂ ಹಾಕ್ಬೇಡಿ, ವಯಸ್ಸಿಗೂ ಹಾಕ್ಬೇಡಿ. ಇಪ್ಪತ್ತರಲ್ಲೂ ನಾನು ರಾಗದ ಗುಂಗಲ್ಲಿ ಹೀಗೇ ಹಾರಿಸ್ತಿದ್ದೆ, ನಮ್ಮ ಗುರುಗಳು ಬೈಯೋರು. ನನ್ನದನ್ನ ನಾನೇ ಹೋಗಿ ತರ್ತೀನಿ. ಎಲ್ಲ ಕೂತ್ಕೊಳಿ."

ಎದ್ದವರು ಕೂತರು. ಚಪ್ಪಲಿ ಹಾಕಿಕೊಂಡಿದ್ದವರು ಮತ್ತೆ ಬಿಟ್ಟು ಬಂದರು. ಟವೆಲಿನ ಮೇಲಿದ್ದ ಕೈಯನ್ನು ಅಧ್ಯಕ್ಷರು ತೆಗೆದು, ಉಳಿದವರ ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡರು. ದಡ ಮುಟ್ಟಿದ್ದ ದೋಣಿಯನ್ನು ಸಿಂಗಾರಮ್ಮನವರು ಒಂದು ಪದ್ಯದ ಮಟ್ಟಿಗೆ ಮತ್ತೆ ಹೊಳೆಗೆ ಇಳಿಸಿದರು. ಅಂಬಿಗ ತನ್ನ ಹರಿದ ಕಂಬಳಿಯನ್ನು ಬಿಚ್ಚಿ, ಮಡಕೆಗಳು ಒಂದಕ್ಕೊಂದು ತಾಗದಂತೆ ನಡುನಡುವೆ ತುರುಕಿ, ತಾನೇ ಅವನ್ನು ತಬ್ಬಿಕೊಂಡು ಕೂತ. ಆರು ಸಾಲು, ರಾಗ ಕೂಡ ಬೇರೆಯದೇ, ಜೋಗುಳದ್ದು. ಕುಂಬಾರತಿಯ ಮಡಕೆಗಳು ಒಂದೂ ಒಡೆಯದೆ ಕಡೆಗೂ ದಡ ಸೇರಿದವು, ತಮ್ಮ ಸರದಿಗಿಂತ ಹದಿನೆಂಟು ಪದ್ಯ ತಡವಾಗಿ.